ಬ್ರಿಟನ್ನಿನಲ್ಲಿ ಕಾಯಿಲೆ ಬಿದ್ದರೆ ಯಾವ ಭತ್ಯೆಗೆ ಅರ್ಜಿ ಹಾಕಬೇಕು?

ಬ್ರಿಟನ್ನಿನಲ್ಲಿ ಇರುವಾಗ ದೊಡ್ಡ ಕಾಯಿಲೆ ಬಂದರೆ, ಅಪಘಾತವಾಗಿ ಕೈಕಾಲು ಸ್ವಾಧೀನ ತಪ್ಪಿದರೆ, ಹಣದ ಸಹಾಯಕ್ಕೆ ಇರುವ ದಾರಿ ಒಂದಲ್ಲ. ಸ್ಟ್ಯಾಚುಟರಿ ಸಿಕ್ ಪೇ, ನ್ಯೂ ಸ್ಟೈಲ್ ಇಎಸ್‌ಎ (ಎಂಪ್ಲಾಯ್‌ಮೆಂಟ್ ಅಂಡ್ ಸಪೋರ್ಟ್ ಅಲೋಯನ್ಸ್), ಯುನಿವರ್ಸಲ್ ಕ್ರೆಡಿಟ್, ಪಿಪ್ (ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್), ವಯಸ್ಸಾದವರಿಗೆ ಅಟೆಂಡೆನ್ಸ್ ಅಲೋಯನ್ಸ್ ಅಂತ ಸಾಲಾಗಿ ಹೆಸರುಗಳಿವೆ. ಮೊದಲೇ ಮೈ ಸರಿಯಿಲ್ಲದವರಿಗೆ ಈ ಹೆಸರು ಕೇಳಿದರೇ ಸುಸ್ತಾಗುತ್ತದೆ.

ಸಾಮಾನ್ಯವಾಗಿ ಎಲ್ಲರೂ ಕೇಳುವುದು, ಇದರಲ್ಲಿ ಯಾವುದರಲ್ಲಿ ದುಡ್ಡು ಜಾಸ್ತಿ ಬರುತ್ತೆ ಅಂತ. ಅಲ್ಲಿಂದ ಶುರು ಮಾಡಬೇಡಿ. ಇವು ಒಂದೇ ಸಹಾಯದ ಬೇರೆ ಬೇರೆ ಹೆಸರುಗಳಲ್ಲ. ಒಂದೊಂದೂ ನಿಮಗೆ ಹಾಕುವ ಪ್ರಶ್ನೆಯೇ ಬೇರೆ. ಸಿಕ್ ಪೇ ಕೇಳುವುದು, ನೀವು ಸಂಬಳಕ್ಕೆ ಕೆಲಸ ಮಾಡುತ್ತೀರಾ ಅಂತ. ಇಎಸ್‌ಎ ಕೇಳುವುದು, ಈಚಿನ ವರ್ಷಗಳಲ್ಲಿ ನ್ಯಾಷನಲ್ ಇನ್ಶೂರೆನ್ಸ್ (ಸಂಬಳದಿಂದ ಸರ್ಕಾರಕ್ಕೆ ಹೋಗುವ ವಿಮೆಯ ಕಂತು) ಕಟ್ಟಿದ್ದೀರಾ ಅಂತ. ಯುನಿವರ್ಸಲ್ ಕ್ರೆಡಿಟ್ ನಿಮ್ಮ ಮನೆಯ ಆದಾಯ, ಉಳಿತಾಯ ನೋಡುತ್ತದೆ. ಪಿಪ್‌ಗೆ ನಿಮ್ಮ ಸಂಬಳವೂ ಬೇಡ, ಬ್ಯಾಂಕ್ ಬ್ಯಾಲೆನ್ಸೂ ಬೇಡ. ಬೆಳಿಗ್ಗೆ ಎದ್ದು ರಾತ್ರಿ ಮಲಗುವ ತನಕ ನೀವು ದಿನ ಹೇಗೆ ಕಳೆಯುತ್ತೀರಿ ಅನ್ನುವುದಷ್ಟೇ ಬೇಕು. ಯಾವ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಇದೆಯೋ ಅದೇ ನಿಮ್ಮ ಅರ್ಜಿ. ಎಷ್ಟೋ ಸಲ ಎರಡು ಅರ್ಜಿ ಒಟ್ಟಿಗೆ ಹಾಕಬಹುದು.

ಮೊದಲು ವೀಸಾ ನೋಡಿಕೊಳ್ಳಿ

ಇಲ್ಲಿರುವ ಕನ್ನಡಿಗರಲ್ಲಿ ತುಂಬಾ ಜನ ಕೆಲಸದ ವೀಸಾ ಮೇಲೆ ಬಂದವರು. ಐಟಿಯವರು, ಆಸ್ಪತ್ರೆಯ ನರ್ಸುಗಳು, ಕೇರ್ ಹೋಮ್‌ಗಳಲ್ಲಿ ದುಡಿಯುವವರು. ಅವರ ವೀಸಾದಲ್ಲಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’, ಅಂದರೆ ಸರ್ಕಾರದ ಪಟ್ಟಿಯಲ್ಲಿರುವ ಭತ್ಯೆಗಳನ್ನು ಪಡೆಯಬಾರದು ಅನ್ನುವ ಷರತ್ತು ಇರುತ್ತದೆ. ಇದನ್ನು ಓದಿದ ಕೂಡಲೇ ನಮಗೆ ಏನೂ ಸಿಗಲ್ಲ ಅಂತ ಸುಮ್ಮನಾಗುವವರೇ ಜಾಸ್ತಿ. ನನಗೆ ತುಂಬಾ ಬೇಜಾರಾಗುವ ವಿಷಯ ಇದು. ಯಾಕೆಂದರೆ ಆ ಷರತ್ತು ಎಲ್ಲದಕ್ಕೂ ಅನ್ವಯಿಸುವುದಿಲ್ಲ.

ಯುನಿವರ್ಸಲ್ ಕ್ರೆಡಿಟ್, ಪಿಪ್, ಅಟೆಂಡೆನ್ಸ್ ಅಲೋಯನ್ಸ್, ಮಕ್ಕಳ ಡಿಎಲ್‌ಎ (ಡಿಸಬಿಲಿಟಿ ಲಿವಿಂಗ್ ಅಲೋಯನ್ಸ್), ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ಕೊಡುವ ಕೇರರ್ಸ್ ಅಲೋಯನ್ಸ್ ಇವೆಲ್ಲ ಪಬ್ಲಿಕ್ ಫಂಡ್ಸ್ ಪಟ್ಟಿಯಲ್ಲಿವೆ. ಆ ಷರತ್ತು ಇರುವವರು ಇವುಗಳನ್ನು ಮುಟ್ಟಬಾರದು. ಮುಟ್ಟಿದರೆ ಮುಂದೆ ವೀಸಾ ನವೀಕರಣಕ್ಕೆ, ಪರ್ಮನೆಂಟ್ ರೆಸಿಡೆನ್ಸಿಗೆ ತೊಂದರೆ ಆಗುತ್ತದೆ. ಆದರೆ ಸಿಕ್ ಪೇ ಮತ್ತು ನ್ಯೂ ಸ್ಟೈಲ್ ಇಎಸ್‌ಎ ಆ ಪಟ್ಟಿಯಲ್ಲಿ ಇಲ್ಲ. ಒಂದು ನಿಮ್ಮ ಕಂಪನಿ ಕೊಡುವುದು, ಇನ್ನೊಂದು ನೀವು ಕಟ್ಟಿದ ನ್ಯಾಷನಲ್ ಇನ್ಶೂರೆನ್ಸ್‌ಗೆ ಪ್ರತಿಯಾಗಿ ಬರುವುದು. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇದ್ದರೂ ಇವೆರಡಕ್ಕೆ ಧೈರ್ಯವಾಗಿ ಅರ್ಜಿ ಹಾಕಬಹುದು.

ಇನ್ನೊಂದು ಭಯ, ಜಾಸ್ತಿ ದಿನ ರಜೆ ಹಾಕಿದರೆ ಸ್ಪಾನ್ಸರ್‌ಶಿಪ್ ಹೋಗುತ್ತೆ ಅಂತ. ವರ್ಷದಲ್ಲಿ ಒಟ್ಟು 4 ವಾರಕ್ಕಿಂತ ಹೆಚ್ಚು ಸಂಬಳವಿಲ್ಲದ ರಜೆ ಹಾಕಿದರೆ ತೊಂದರೆ ಅನ್ನುವ ನಿಯಮ ಇದೆ, ನಿಜ. ಆದರೆ ಕಾಯಿಲೆಯ ರಜೆಗೆ ಅದರಿಂದ ವಿನಾಯಿತಿ ಇದೆ. ಡಾಕ್ಟರ ಚೀಟಿ ಸರಿಯಾಗಿ ಕೊಟ್ಟು, ಎಚ್‌ಆರ್‌ಗೆ ಇಮೇಲ್‌ನಲ್ಲಿ ತಿಳಿಸಿ, ಅದರ ಪ್ರತಿ ಇಟ್ಟುಕೊಳ್ಳಿ.

ಗಂಡ ಹೆಂಡತಿಯಲ್ಲಿ ಒಬ್ಬರು ಬ್ರಿಟಿಷ್ ಪ್ರಜೆ, ಇನ್ನೊಬ್ಬರು ವೀಸಾ ಮೇಲೆ ಇದ್ದರೆ ಲೆಕ್ಕ ಸ್ವಲ್ಪ ಸೂಕ್ಷ್ಮ. ಇಂಥ ಮನೆಯವರು ಯುನಿವರ್ಸಲ್ ಕ್ರೆಡಿಟ್ ಫಾರಂ ತುಂಬುವ ಮೊದಲು ಸಿಟಿಜನ್ಸ್ ಅಡ್ವೈಸ್ ಅನ್ನುವ ಉಚಿತ ಸಲಹಾ ಸಂಸ್ಥೆಗೋ ಹತ್ತಿರದ ಲಾ ಸೆಂಟರ್‌ಗೋ (ಕಾನೂನು ನೆರವಿನ ಕೇಂದ್ರ) ಹೋಗಿ ಕೇಳುವುದೇ ಸರಿ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಹಾಕುವ ಅರ್ಜಿ ಇದಲ್ಲ.

ಸಿಕ್ ಪೇ: ಮೊದಲ 28 ವಾರ

ನೀವು ಸಂಬಳಕ್ಕಿದ್ದರೆ ಮೊದಲು ತೆಗೆಯಬೇಕಾದ್ದು ನಿಮ್ಮ ಕೆಲಸದ ಕಾಂಟ್ರಾಕ್ಟ್. ಕಾನೂನು ಹೇಳುವ ಸಿಕ್ ಪೇ ಕನಿಷ್ಠ ಮೊತ್ತ ಅಷ್ಟೆ. ಎಷ್ಟೋ ಕಡೆ ಅದಕ್ಕಿಂತ ಒಳ್ಳೆಯದು ಕೊಡುತ್ತಾರೆ. ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ನರ್ಸುಗಳಿಗೆ ಮೊದಲ ವರ್ಷದಲ್ಲೇ 1 ತಿಂಗಳು ಪೂರ್ತಿ ಸಂಬಳ, ಆಮೇಲೆ 2 ತಿಂಗಳು ಅರ್ಧ ಸಂಬಳ ಇದೆ. 5 ವರ್ಷ ಮುಗಿಸಿದವರಿಗೆ ಅದು 6 ತಿಂಗಳು ಪೂರ್ತಿ, 6 ತಿಂಗಳು ಅರ್ಧ.

ಕಾಂಟ್ರಾಕ್ಟ್‌ನಲ್ಲಿ ಏನೂ ಇಲ್ಲದಿದ್ದರೆ ಸಿಕ್ ಪೇ. 2025-26ರಲ್ಲಿ ವಾರಕ್ಕೆ 118.75 ಪೌಂಡ್, ಹೆಚ್ಚೆಂದರೆ 28 ವಾರ. ಭತ್ಯೆಗಳ ದರ ಸಾಮಾನ್ಯವಾಗಿ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ, ಅದಕ್ಕೇ ನಾನು ಕೊಡುವ ಅಂಕಿಗಳನ್ನು ಆ ವರ್ಷದ್ದು ಅಂತಲೇ ಓದಿ. ಹಿಂದೆ ಮೊದಲ 3 ದಿನಕ್ಕೆ ಏನೂ ಸಿಗುತ್ತಿರಲಿಲ್ಲ, ತೀರಾ ಕಡಿಮೆ ಸಂಬಳದವರಿಗೆ ಪೂರ್ತಿ ಇಲ್ಲವೇ ಇಲ್ಲ. 2026ರ ಏಪ್ರಿಲ್ 6ರಿಂದ ಎರಡೂ ಹೋಗಿವೆ. ಮೊದಲ ದಿನದಿಂದಲೇ ಹಣ, ಸಂಬಳ ಎಷ್ಟಿದ್ದರೂ ಸರಿ. ನಿಗದಿ ದರ ಮತ್ತು ನಿಮ್ಮ ಸರಾಸರಿ ವಾರದ ಸಂಬಳದ ಶೇಕಡ 80, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ವಾರಕ್ಕೆ ಕೆಲವೇ ಗಂಟೆ ಕೇರ್ ಕೆಲಸ ಮಾಡುವ ಹೆಂಗಸರಿಗೆ ಇದು ದೊಡ್ಡ ಬದಲಾವಣೆ.

ಮೊದಲ 7 ದಿನ ಡಾಕ್ಟರ ಚೀಟಿ ಬೇಡ, ನೀವೇ ಬರೆದು ಕೊಟ್ಟರೆ ಸಾಕು. ಆಮೇಲೆ ಫಿಟ್ ನೋಟ್ ಅನ್ನುವ ಚೀಟಿ ಬೇಕು. ಅದಕ್ಕೆ ಜಿಪಿಯ (ನಿಮ್ಮ ಏರಿಯಾದ ಡಾಕ್ಟರ) ಅಪಾಯಿಂಟ್‌ಮೆಂಟೇ ಆಗಬೇಕು ಅಂತಿಲ್ಲ. 2022ರ ಜುಲೈಯಿಂದ ನರ್ಸ್, ಫಾರ್ಮಸಿಸ್ಟ್, ಫಿಸಿಯೋಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್ ಕೂಡ ಕೊಡಬಹುದು. ಸಿಕ್ ಪೇ ಮುಗಿಯುವ ಹೊತ್ತಿಗೆ ಕಂಪನಿ ನಿಮಗೆ ಎಸ್‌ಎಸ್‌ಪಿ1 ಅನ್ನುವ ಫಾರಂ ಕೊಡಬೇಕು. ಕೊಡದಿದ್ದರೆ ಕೇಳಿ ತೆಗೆದುಕೊಳ್ಳಿ. ಮುಂದಿನ ಅರ್ಜಿಗೆ ಅದು ಬೇಕು.

ಇಎಸ್‌ಎಯಾ, ಯುನಿವರ್ಸಲ್ ಕ್ರೆಡಿಟ್ಟಾ?

28 ವಾರ ಆದಮೇಲೂ ಕೆಲಸಕ್ಕೆ ಹೋಗುವ ಸ್ಥಿತಿ ಇಲ್ಲ ಅಂದರೆ ಆಯ್ಕೆ ಬರುವುದು ಇಲ್ಲಿ. ಎರಡೂ ‘ಕೆಲಸ ಮಾಡಲು ಆಗುತ್ತಿಲ್ಲ’ ಅನ್ನುವವರಿಗೇ. ಆದರೆ ಸ್ವಭಾವ ಪೂರ್ತಿ ಬೇರೆ.

ರೆಡಿಂಗ್‌ನಲ್ಲೋ ಮಿಲ್ಟನ್ ಕೀನ್ಸ್‌ನಲ್ಲೋ ಇರುವ ಒಂದು ಮನೆ ಅಂದುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿ. ಮನೆ ಕೊಳ್ಳಲು ಅಂತ 30,000 ಪೌಂಡ್ ಕೂಡಿಟ್ಟಿದ್ದಾರೆ. ಗಂಡನಿಗೆ ಪಾರ್ಶ್ವವಾಯು ಹೊಡೆಯಿತು. ಯುನಿವರ್ಸಲ್ ಕ್ರೆಡಿಟ್‌ಗೆ ಹೋದರೆ ಬಾಗಿಲಲ್ಲೇ ವಾಪಸ್. ಉಳಿತಾಯ 16,000 ಪೌಂಡ್ ದಾಟಿದರೆ ಅದು ಸಿಗುವುದಿಲ್ಲ. 6,000 ದಾಟಿದರೇ ಕಡಿತ ಶುರು. ಹೆಂಡತಿಯ ಸಂಬಳವನ್ನೂ ಸೇರಿಸಿಯೇ ಲೆಕ್ಕ ಹಾಕುತ್ತಾರೆ. ಅದೇ ಮನೆಯ ಅದೇ ಗಂಡ ನ್ಯೂ ಸ್ಟೈಲ್ ಇಎಸ್‌ಎ ಕೇಳಿದರೆ ಉಳಿತಾಯವೂ ಲೆಕ್ಕಕ್ಕಿಲ್ಲ, ಹೆಂಡತಿಯ ಸಂಬಳವೂ ಲೆಕ್ಕಕ್ಕಿಲ್ಲ. ಅವರು ನ್ಯಾಷನಲ್ ಇನ್ಶೂರೆನ್ಸ್ ಕಟ್ಟಿದ್ದಾರಾ ಅನ್ನುವುದೊಂದೇ ಮುಖ್ಯ. ಇಬ್ಬರೂ ದುಡಿಯುವ ಮನೆಗಳಿಗೆ ನನ್ನ ಸಲಹೆ ಯಾವಾಗಲೂ ಇದೇ: ಮೊದಲು ಇಎಸ್‌ಎ.

ಅದಕ್ಕೆ ಸುಮಾರು 2-3 ವರ್ಷದ ಕಂತು ಬೇಕು. ಅರ್ಜಿ ಹಾಕುವ ಕ್ಯಾಲೆಂಡರ್ ವರ್ಷಕ್ಕೆ ಮುಂಚೆ ಪೂರ್ತಿ ಮುಗಿದಿರುವ ಎರಡು ತೆರಿಗೆ ವರ್ಷಗಳನ್ನು ನೋಡುತ್ತಾರೆ. 2026ರಲ್ಲಿ ಹಾಕಿದರೆ 2023-24 ಮತ್ತು 2024-25. ಹೋದ ವರ್ಷವಷ್ಟೇ ಬಂದವರಿಗೆ ಹಾಗಾಗಿ ಸಿಗುವುದಿಲ್ಲ. ಬೆಂಗಳೂರಿನ ಕಂಪನಿಯೇ ಡೆಪ್ಯುಟೇಶನ್ ಮೇಲೆ ಕಳಿಸಿದ್ದರೆ ಇನ್ನೊಂದು ವಿಷಯ ನೋಡಿ. ಅಂಥವರು ಶುರುವಿನಲ್ಲಿ ಸ್ವಲ್ಪ ಕಾಲ ಇಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಕಟ್ಟದೆ ಇರಬಹುದು. ಪೇಸ್ಲಿಪ್ ತೆಗೆದು ನೋಡಿದರೆ ಗೊತ್ತಾಗುತ್ತದೆ.

ಮೊತ್ತ ದೊಡ್ಡದಲ್ಲ. 2025-26ರಲ್ಲಿ 25 ವರ್ಷ ದಾಟಿದವರಿಗೆ ಮೊದಲ 13 ವಾರ, ವಾರಕ್ಕೆ 92.05 ಪೌಂಡ್. ಆಮೇಲೆ ತಪಾಸಣೆ ಮಾಡಿ ಎರಡು ಗುಂಪಿನಲ್ಲಿ ಒಂದಕ್ಕೆ ಹಾಕುತ್ತಾರೆ. ಕೆಲಸವೂ ಆಗದು, ಕೆಲಸದ ತಯಾರಿಯೂ ಆಗದು ಅನ್ನುವವರಿಗೆ ಸಪೋರ್ಟ್ ಗ್ರೂಪ್. ಅವರಿಗೆ 140.55 ಪೌಂಡ್, ಕಾಲಮಿತಿ ಇಲ್ಲ. ಮುಂದೆ ಕೆಲಸಕ್ಕೆ ಮರಳಬಹುದು ಅಂತ ಕಂಡವರಿಗೆ 92.05 ಪೌಂಡೇ, ಅದೂ 365 ದಿನ ಮಾತ್ರ. ಸಿಕ್ ಪೇ ಬರುತ್ತಿರುವಾಗ ಇದು ಬರುವುದಿಲ್ಲ. ಆದರೆ ಸಿಕ್ ಪೇ ಮುಗಿಯುವ 3 ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಹಾಗೆ ಮಾಡಿದರೆ ನಡುವೆ ಕೈ ಖಾಲಿಯಾಗಿ ಕೂರುವುದು ತಪ್ಪುತ್ತದೆ.

ಇನ್ನು ಯುನಿವರ್ಸಲ್ ಕ್ರೆಡಿಟ್. ಒಬ್ಬರೇ ಇರುವವರು, ಬಾಡಿಗೆ ಮನೆಯವರು, ಕೈಯಲ್ಲಿ ಉಳಿತಾಯ ಇಲ್ಲದವರು, ಚಿಕ್ಕ ಮಕ್ಕಳಿರುವವರು ಇದನ್ನೇ ನೋಡಬೇಕು. ಇದರಲ್ಲಿ ಬಾಡಿಗೆಗೂ ಮಕ್ಕಳಿಗೂ ಸೇರಿಸಿ ಕೊಡುತ್ತಾರೆ, ಇಎಸ್‌ಎಯಲ್ಲಿ ಅದಿಲ್ಲ. ಮೊದಲ ಹಣ ಬರಲು ಸುಮಾರು 5 ವಾರ ಕಾಯಬೇಕು. ಅಷ್ಟರಲ್ಲಿ ಮುಂಗಡ ಕೊಡುತ್ತಾರೆ, ಆದರೆ ಅದು ಸಾಲ, ಮುಂದಿನ ತಿಂಗಳುಗಳಲ್ಲಿ ಮುರಿದುಕೊಳ್ಳುತ್ತಾರೆ. ತಪಾಸಣೆಯಲ್ಲಿ ಕೆಲಸ ಆಗುವುದೇ ಇಲ್ಲ ಅಂತ ತೀರ್ಮಾನವಾದರೆ ಸಾಮಾನ್ಯವಾಗಿ 3 ತಿಂಗಳ ನಂತರ ಹೆಚ್ಚುವರಿ ಮೊತ್ತ ಸೇರುತ್ತದೆ. ಇದು 2025-26ರಲ್ಲಿ ತಿಂಗಳಿಗೆ 423.27 ಪೌಂಡ್ ಇತ್ತು. 2026ರ ಏಪ್ರಿಲ್‌ನಿಂದ ಹೊಸದಾಗಿ ಬರುವ ಹೆಚ್ಚಿನವರಿಗೆ 217.26 ಪೌಂಡ್ ಮಾತ್ರ. ಕಾಯಿಲೆ ಬಿದ್ದವರ ಕೈಗೆ ಸಿಗುವುದನ್ನು ಅರ್ಧ ಮಾಡಿದ್ದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಎಂದೂ ವಾಸಿಯಾಗದ ತೀವ್ರ ಸ್ಥಿತಿಯವರಿಗೆ, ಸಾವಿನ ಅಂಚಿನಲ್ಲಿ ಇರುವವರಿಗೆ ಹಳೆಯ ದೊಡ್ಡ ದರ ಉಳಿಸಿದ್ದಾರೆ. ನಿಮ್ಮ ಸ್ಥಿತಿ ಅಂಥದ್ದಾದರೆ ಫಾರಂನಲ್ಲಿ ಸ್ಪಷ್ಟವಾಗಿ ಬರೆಯಿರಿ.

ನಮ್ಮವರು ಮರೆಯುವ ಒಂದು ವಿಷಯ ಇದೆ. ಉಳಿತಾಯ ಅಂದರೆ ಇಲ್ಲಿನ ಬ್ಯಾಂಕಿನದ್ದು ಮಾತ್ರ ಅಲ್ಲ. ಮೈಸೂರಿನಲ್ಲಿ ನಿಮ್ಮ ಹೆಸರಲ್ಲಿರುವ ಸೈಟು, ಊರಿನ ಬ್ಯಾಂಕಿನ ಎಫ್‌ಡಿ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮುಚ್ಚಿಡಬೇಡಿ. ಅದೇ ಊರಿನಲ್ಲಿ ನಿಮ್ಮ ಹೆಸರಿನ ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ವಾಸವಾಗಿದ್ದರೆ ಆ ಮನೆಯ ಬೆಲೆಯನ್ನು ಬಿಡುವ ನಿಯಮ ಇದೆ. ಹತ್ತಿರದ ಸಂಬಂಧಿ ಪೆನ್ಷನ್ ವಯಸ್ಸು ತಲುಪಿರಬೇಕು ಅಥವಾ ಕೆಲಸ ಮಾಡಲಾಗದ ಸ್ಥಿತಿಯಲ್ಲಿರಬೇಕು, ಅದೇ ಅವರ ಮನೆಯಾಗಿರಬೇಕು. ಇದ್ದದ್ದನ್ನು ಹೇಳಿ, ಈ ನಿಯಮವನ್ನೂ ಕೇಳಿ.

ಇಎಸ್‌ಎ ಮತ್ತು ಯುನಿವರ್ಸಲ್ ಕ್ರೆಡಿಟ್ ಎರಡಕ್ಕೂ ಅರ್ಹತೆ ಇದ್ದರೆ ಎರಡೂ ಹಾಕಬಹುದು. ಇಎಸ್‌ಎ ಬಂದಷ್ಟು ಯುನಿವರ್ಸಲ್ ಕ್ರೆಡಿಟ್‌ನಲ್ಲಿ ಕಡಿಮೆಯಾಗುತ್ತದೆ, ಕೈಗೆ ಬರುವ ಒಟ್ಟು ಮೊತ್ತ ಹೆಚ್ಚೂ ಕಡಿಮೆ ಅಷ್ಟೇ ಇರುತ್ತದೆ.

ಪಿಪ್: ಕೆಲಸಕ್ಕೆ ಹೋಗುತ್ತಿದ್ದರೂ ಸಿಗುತ್ತದೆ

ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್, ಎಲ್ಲರೂ ಪಿಪ್ ಅನ್ನುತ್ತಾರೆ. ಇದನ್ನು ಮೇಲಿನ ಯಾವುದಕ್ಕೂ ಬದಲಿ ಅಂತ ನೋಡಬೇಡಿ. ಜೊತೆಗೆ ಬರುವಂಥದ್ದು. ಪೂರ್ತಿ ಸಂಬಳ ಬರುತ್ತಿದ್ದರೂ, ಬ್ಯಾಂಕಿನಲ್ಲಿ ಲಕ್ಷ ಪೌಂಡ್ ಇದ್ದರೂ ಸಿಗುತ್ತದೆ. ತೆರಿಗೆ ಇಲ್ಲ. ವಯಸ್ಸು 16ರಿಂದ ಸ್ಟೇಟ್ ಪೆನ್ಷನ್ ವಯಸ್ಸಿನ ಒಳಗಿರಬೇಕು. ತೊಂದರೆ ಶುರುವಾಗಿ 3 ತಿಂಗಳಾಗಿರಬೇಕು, ಇನ್ನೂ 9 ತಿಂಗಳು ಇರುವಂಥದ್ದಾಗಿರಬೇಕು. ಹಿಂದಿನ 3 ವರ್ಷದಲ್ಲಿ ಕನಿಷ್ಠ 2 ವರ್ಷ ಈ ದೇಶದಲ್ಲಿ ಇದ್ದಿರಬೇಕು.

ಕಾಯಿಲೆಯ ಹೆಸರಿಗೆ ಇಲ್ಲಿ ಹಣ ಕೊಡುವುದಿಲ್ಲ. ಕ್ಯಾನ್ಸರ್ ಅಂದ ಮಾತ್ರಕ್ಕೆ ಸಿಗುವುದಿಲ್ಲ, ಬೆನ್ನುನೋವು ಅಂದ ಮಾತ್ರಕ್ಕೆ ತಪ್ಪುವುದೂ ಇಲ್ಲ. ದಿನನಿತ್ಯದ 10 ಕೆಲಸ, ಓಡಾಟದ 2 ಕೆಲಸ, ಒಂದೊಂದಕ್ಕೂ ಅಂಕ ಕೊಡುತ್ತಾರೆ. 8 ಅಂಕ ಬಂದರೆ ಸ್ಟ್ಯಾಂಡರ್ಡ್ ದರ, 12 ಬಂದರೆ ಎನ್‌ಹ್ಯಾನ್ಸ್ಡ್. 2025-26ರಲ್ಲಿ ದಿನನಿತ್ಯದ ಭಾಗಕ್ಕೆ ವಾರಕ್ಕೆ 73.90 ಅಥವಾ 110.40 ಪೌಂಡ್, ಓಡಾಟದ ಭಾಗಕ್ಕೆ 29.20 ಅಥವಾ 77.05.

ಅಡುಗೆಯ ಪ್ರಶ್ನೆಯನ್ನೇ ಹತ್ತಿರದಿಂದ ನೋಡೋಣ. ಸಂಧಿವಾತದಿಂದ ಬೆರಳು ಬಿಗಿದುಕೊಂಡಿರುವ ಒಬ್ಬರನ್ನು ಅಡುಗೆ ಮಾಡ್ತೀರಾ ಅಂತ ಕೇಳಿದರೆ, ಹೂಂ ಮಾಡ್ತೀನಿ, ಏನೋ ನಡೀತಾ ಇದೆ ಅನ್ನುತ್ತಾರೆ. ನಮ್ಮಲ್ಲಿ ಕಷ್ಟ ಹೇಳಿಕೊಳ್ಳದಿರುವುದೇ ಮರ್ಯಾದೆ, ಅಲ್ವಾ? ಆದರೆ ಆ ಒಂದು ‘ಹೂಂ’ಗೆ ಸೊನ್ನೆ ಅಂಕ. ನಿಜವಾಗಿ ನಡೆಯುವುದು ಬೇರೆ. ಈರುಳ್ಳಿ ಹೆಚ್ಚುವುದು ಮಗಳು. ಬಿಸಿ ಪಾತ್ರೆ ಎತ್ತಲು ಕೈ ನಡುಗುತ್ತದೆ, ಎರಡು ಸಲ ಸುಟ್ಟುಕೊಂಡಿದ್ದಾರೆ. ಐದು ನಿಮಿಷಕ್ಕಿಂತ ನಿಂತುಕೊಳ್ಳಲು ಆಗದೆ ಒಲೆ ಮುಂದೆ ಎತ್ತರದ ಸ್ಟೂಲ್ ಹಾಕಿಕೊಂಡಿದ್ದಾರೆ. ಇದನ್ನು ಬರೆದರೆ, ಸ್ಟೂಲ್‌ನಂಥ ಸಾಧನ ಬೇಕು ಅನ್ನುವುದಕ್ಕೆ 2 ಅಂಕ, ಇನ್ನೊಬ್ಬರ ಕೈಸಹಾಯ ಬೇಕು ಅನ್ನುವುದಕ್ಕೆ 4. ಒಂದು ಕೆಲಸಕ್ಕೆ ಎರಡರಲ್ಲಿ ದೊಡ್ಡದನ್ನು ಮಾತ್ರ ಎಣಿಸುತ್ತಾರೆ, ಹಾಗಾಗಿ ಇಲ್ಲಿ 4. ಸ್ನಾನಕ್ಕೆ ಹಿಡಿಕೆ ಬೇಕು ಅಂದರೆ 2, ಸೊಂಟದಿಂದ ಕೆಳಗೆ ಬಟ್ಟೆ ಹಾಕಿಕೊಳ್ಳಲು ಸಹಾಯ ಬೇಕು ಅಂದರೆ 2. ಅಲ್ಲಿಗೆ 8 ಆಯಿತು.

ಅಡುಗೆ ಅಂದರೆ ಅವರ ಲೆಕ್ಕದಲ್ಲಿ ಒಬ್ಬರಿಗೆ ಆಗುವಷ್ಟು, ತಾಜಾ ತರಕಾರಿ ಹೆಚ್ಚಿ, ಒಲೆ ಮೇಲೆ ಬೇಯಿಸಿ ಮಾಡುವ ಒಂದು ಸರಳ ಊಟ. ಮನೆಮಂದಿಗೆಲ್ಲ ಮುದ್ದೆ ತೊಳಸಲು ಆಗುವುದಿಲ್ಲ, ಐದು ಲೀಟರ್ ಕುಕ್ಕರ್ ಎತ್ತಲು ಆಗುವುದಿಲ್ಲ ಅಂತ ಬರೆದರೆ ಪ್ರಯೋಜನ ಇಲ್ಲ. ಚಿಕ್ಕ ಪಾತ್ರೆ, ಚಾಕು, ಒಲೆ, ಇವುಗಳ ಬಗ್ಗೆ ಬರೆಯಿರಿ.

ಪ್ರತಿ ಕೆಲಸಕ್ಕೂ ನಾಲ್ಕು ವಿಷಯ ಕೇಳಿಕೊಳ್ಳಿ. ಅಪಾಯವಿಲ್ಲದೆ ಮಾಡಬಲ್ಲಿರಾ? ಒಪ್ಪುವ ಮಟ್ಟಿಗೆ ಮಾಡಬಲ್ಲಿರಾ? ಬೇಕಾದಷ್ಟು ಸಲ ಮಾಡಬಲ್ಲಿರಾ? ಬೇರೆಯವರು ತೆಗೆದುಕೊಳ್ಳುವ ಸಮಯದ ಎರಡರಷ್ಟರ ಒಳಗೆ ಮುಗಿಸಬಲ್ಲಿರಾ? ಒಂದಕ್ಕೆ ಇಲ್ಲ ಅಂದರೂ, ನಿಯಮದ ಪ್ರಕಾರ ಆ ಕೆಲಸ ನಿಮಗೆ ಆಗುವುದಿಲ್ಲ ಅಂತಲೇ. ಅರ್ಧಕ್ಕಿಂತ ಹೆಚ್ಚು ದಿನ ಹಾಗಿರಬೇಕು ಅಷ್ಟೆ. ಮೈ ಚೆನ್ನಾಗಿರುವ ಭಾನುವಾರದ ಬಗ್ಗೆ ಬರೆದು ನಿಲ್ಲಿಸಬೇಡಿ.

ನಡಿಗೆಯದ್ದೂ ಹೀಗೇ. 50 ಮೀಟರ್‌ಗಿಂತ ಜಾಸ್ತಿ ನಡೆಯಲು ಆಗದಿದ್ದರೆ 8 ಅಂಕ, 20 ಮೀಟರ್ ದಾಟಲು ಆಗದಿದ್ದರೆ 12. ಎರಡು ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು ದೂರ 20 ಮೀಟರ್. ಮನೆಯಿಂದ ಬಸ್ ಸ್ಟಾಪಿಗೆ ನಡೆದು, ಎಲ್ಲಿ ನಿಲ್ಲಬೇಕಾಯಿತು, ನೋವು ಎಲ್ಲಿ ಶುರುವಾಯಿತು, ಮಾರನೇ ದಿನ ಏನಾಯಿತು ಅಂತ ಬರೆದಿಟ್ಟುಕೊಳ್ಳಿ.

ಖಿನ್ನತೆ, ಆತಂಕದಂಥ ಮನಸ್ಸಿನ ಕಾಯಿಲೆಗಳೂ ಇದರಲ್ಲಿ ಬರುತ್ತವೆ. ಸ್ನಾನ ಮಾಡು, ಊಟ ಮಾಡು ಅಂತ ಇನ್ನೊಬ್ಬರು ಹೇಳಿ ಹೇಳಿ ಮಾಡಿಸಬೇಕಾಗಿದ್ದರೆ ಅದಕ್ಕೂ ಅಂಕ ಇದೆ. ನಾಚಿಕೊಂಡು ಬಿಡಬೇಡಿ.

ಸಾಮಾನ್ಯವಾಗಿ ಅರ್ಜಿ ಶುರುವಾಗುವುದು ಫೋನಿನಲ್ಲಿ. ಫಾರಂ ಅನ್ನು ಹೇಳಿದ ಒಂದು ತಿಂಗಳ ಒಳಗೆ ಕಳಿಸಿದರೆ ಫೋನ್ ಮಾಡಿದ ದಿನದಿಂದಲೇ ಹಣದ ಲೆಕ್ಕ. ಹಾಗಾಗಿ ಕಾಗದಪತ್ರ ಎಲ್ಲ ಕೂಡಿಸಿಕೊಂಡು ಆಮೇಲೆ ಫೋನ್ ಮಾಡೋಣ ಅಂತ ಕಾಯಬೇಡಿ. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕು ಅಂತ ಕೇಳಿ, ಉಚಿತ. 2025ರಲ್ಲಿ ಸರ್ಕಾರ ತರಲು ಹೊರಟಿದ್ದ, ಒಂದೇ ಕೆಲಸದಲ್ಲಿ 4 ಅಂಕ ಇರಲೇಬೇಕು ಅನ್ನುವ ನಿಯಮವನ್ನು ಮಸೂದೆಯಿಂದ ಕೈಬಿಟ್ಟಿದ್ದಾರೆ. ಅದನ್ನು ಕೇಳಿ ಹೆದರಿ ಅರ್ಜಿ ಹಾಕದೆ ಇರುವವರಿಗೆ ಈ ಮಾತು.

ವಯಸ್ಸಾದವರು, ಮಕ್ಕಳು, ಸ್ಕಾಟ್ಲೆಂಡ್

ಸ್ಟೇಟ್ ಪೆನ್ಷನ್ ವಯಸ್ಸು ದಾಟಿದ ಮೇಲೆ ಹೊಸದಾಗಿ ಪಿಪ್ ಇಲ್ಲ, ಅಟೆಂಡೆನ್ಸ್ ಅಲೋಯನ್ಸ್ ಮಾತ್ರ. ಇದರಲ್ಲಿ ಓಡಾಟಕ್ಕೆ ಅಂತ ಒಂದು ಪೆನ್ನಿಯೂ ಇಲ್ಲ. ಆದರೆ ಮೊದಲೇ ಪಿಪ್ ಪಡೆಯುತ್ತಿದ್ದವರಿಗೆ ಅರ್ಹತೆ ಇರುವ ತನಕ ಅದು ಮುಂದುವರಿಯುತ್ತದೆ. ಆದ್ದರಿಂದ 65ರ ಆಸುಪಾಸಿನಲ್ಲಿರುವ, ಮಂಡಿನೋವಿನಿಂದ ನಡೆಯಲಾಗದ ಅಪ್ಪನೋ ಅತ್ತೆಯೋ ಮನೆಯಲ್ಲಿದ್ದು ಅವರಿಗೆ ಅರ್ಹತೆ ಇದ್ದರೆ ತಡ ಮಾಡಬೇಡಿ. 16 ವರ್ಷದೊಳಗಿನ ಮಕ್ಕಳಿಗೆ ಡಿಎಲ್‌ಎ. ಇಲ್ಲಿ ನೋಡುವುದು ಮಗುವಿನ ಪೌರತ್ವ, ವೀಸಾ. ಬದುಕಿನ ಕೊನೆಯ 12 ತಿಂಗಳಲ್ಲಿ ಇರಬಹುದು ಅಂತ ಡಾಕ್ಟರು ಹೇಳಿದವರಿಗೆ ಎಲ್ಲದರಲ್ಲೂ ಬೇಗ ತೀರ್ಮಾನ ಮಾಡುವ ವಿಶೇಷ ದಾರಿ ಇದೆ. ಡಾಕ್ಟರನ್ನೋ ನರ್ಸನ್ನೋ ಎಸ್‌ಆರ್1 ಫಾರಂ ಕೊಡಿ ಅಂತ ಕೇಳಿ.

ಸ್ಕಾಟ್ಲೆಂಡ್‌ನಲ್ಲಿ ಪಿಪ್ ಬದಲು ಅಡಲ್ಟ್ ಡಿಸಬಿಲಿಟಿ ಪೇಮೆಂಟ್, ಅಟೆಂಡೆನ್ಸ್ ಅಲೋಯನ್ಸ್ ಬದಲು ಪೆನ್ಷನ್ ಏಜ್ ಡಿಸಬಿಲಿಟಿ ಪೇಮೆಂಟ್. ಕೊಡುವುದು ಸೋಷಿಯಲ್ ಸೆಕ್ಯುರಿಟಿ ಸ್ಕಾಟ್ಲೆಂಡ್. ಸಿಕ್ ಪೇ, ಇಎಸ್‌ಎ, ಯುನಿವರ್ಸಲ್ ಕ್ರೆಡಿಟ್ ಅಲ್ಲೂ ಇವೇ.

ಊರಿಗೆ ಹೋಗುವ ಮುಂಚೆ

ಆಯುರ್ವೇದ ಚಿಕಿತ್ಸೆಗೋ ಸುಮ್ನೆ ಅಮ್ಮನ ಜೊತೆ ಇದ್ದು ಬರೋಣ ಅಂತಲೋ ಭಾರತಕ್ಕೆ ಹೋಗುವವರು ದಿನ ಲೆಕ್ಕ ಹಾಕಿಕೊಳ್ಳಿ. ಯುನಿವರ್ಸಲ್ ಕ್ರೆಡಿಟ್ ಸಾಮಾನ್ಯವಾಗಿ 1 ತಿಂಗಳು, ಇಎಸ್‌ಎ 4 ವಾರ, ಪಿಪ್ ಮತ್ತು ಅಟೆಂಡೆನ್ಸ್ ಅಲೋಯನ್ಸ್ 13 ವಾರದ ತನಕ ನಡೆಯುತ್ತವೆ. ಚಿಕಿತ್ಸೆಗೇ ಹೋಗಿದ್ದರೆ ಜಾಸ್ತಿ ಸಮಯ ಸಿಗಬಹುದು. ಟಿಕೆಟ್ ತೆಗೆಯುವ ಮೊದಲೇ ಭತ್ಯೆ ಕೊಡುವ ಇಲಾಖೆಗೆ ತಿಳಿಸಿ. ಮೂರು ತಿಂಗಳು ಊರಲ್ಲಿ ಇರಲೇಬೇಕು ಅನ್ನುವವರಿಗೆ ಪಿಪ್ ಉಳಿಯುತ್ತದೆ, ಉಳಿದವು ನಿಲ್ಲುವ ಸಾಧ್ಯತೆ ಇದೆ.

ಇಲ್ಲ ಅಂತ ಪತ್ರ ಬಂದರೆ

ಅರ್ಜಿ ತಿರಸ್ಕಾರವಾಗುವುದು ಇಲ್ಲಿ ಮಾಮೂಲು, ಅದರಲ್ಲೂ ಪಿಪ್‌ನದು. ಪತ್ರದ ತಾರೀಖಿನಿಂದ ಒಂದು ತಿಂಗಳಲ್ಲಿ ಮ್ಯಾಂಡೇಟರಿ ರೀಕನ್ಸಿಡರೇಶನ್ ಕೇಳಿ, ಅಂದರೆ ಇಲಾಖೆಯೇ ತನ್ನ ತೀರ್ಮಾನವನ್ನು ಇನ್ನೊಮ್ಮೆ ನೋಡುವುದು. ತಪಾಸಣೆ ಮಾಡಿದವರ ವರದಿ ಕೊಡಿ ಅಂತಲೂ ಕೇಳಿ. ಅದನ್ನು ಓದಿದರೆ ಎಲ್ಲಿ ಎಷ್ಟು ಅಂಕ ಕಡಿಮೆಯಾಗಿದೆ ಅಂತ ಕಾಣುತ್ತದೆ. ಅಲ್ಲೂ ಇಲ್ಲ ಅಂದರೆ ಇನ್ನೊಂದು ತಿಂಗಳಲ್ಲಿ ಟ್ರಿಬ್ಯುನಲ್‌ಗೆ, ಅಂದರೆ ಇಲಾಖೆಗೆ ಸೇರದ ನ್ಯಾಯಮಂಡಳಿಗೆ ಮೇಲ್ಮನವಿ. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಾಗಿಲ್ಲ. ಪಿಪ್ ಆದರೆ ಒಬ್ಬ ಜಡ್ಜ್, ಒಬ್ಬ ಡಾಕ್ಟರ್, ಅಂಗವೈಕಲ್ಯದ ಅನುಭವ ಇರುವ ಒಬ್ಬರು ಕೂತು ನಿಮ್ಮ ಮಾತು ಕೇಳುತ್ತಾರೆ. ಅಲ್ಲಿಯ ತನಕ ಹೋಗಿ ವಿಚಾರಣೆ ನಡೆದ ಪಿಪ್ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅರ್ಜಿದಾರರ ಪರವಾಗಿವೆ.

ಇಲ್ಲೂ ಒಂದು ಆಯ್ಕೆ ಇದೆ: ಮೇಲ್ಮನವಿಯಾ, ಹೊಸ ಅರ್ಜಿಯಾ? ಬೇಸತ್ತು ಹಳೆಯದನ್ನು ಬಿಟ್ಟು ಹೊಸದಾಗಿ ಹಾಕುವವರು ಅಷ್ಟು ತಿಂಗಳ ಬಾಕಿ ಕಳೆದುಕೊಳ್ಳುತ್ತಾರೆ. ಮೇಲ್ಮನವಿ ಗೆದ್ದರೆ ಸಾಮಾನ್ಯವಾಗಿ ಮೊದಲ ಅರ್ಜಿಯ ದಿನದಿಂದ ಬಾಕಿ ಸೇರಿ ಬರುತ್ತದೆ. ಆದರೆ ಟ್ರಿಬ್ಯುನಲ್ ನೋಡುವುದು ಇಲಾಖೆ ತೀರ್ಮಾನ ಮಾಡಿದ ದಿನ ನಿಮ್ಮ ಸ್ಥಿತಿ ಹೇಗಿತ್ತು ಅಂತ. ಅಂದು ತಕ್ಕಮಟ್ಟಿಗೆ ಇದ್ದು, ಕಾಯಿಲೆ ಆಮೇಲೆ ಜೋರಾಗಿದ್ದರೆ ಹೊಸ ಅರ್ಜಿಯೇ ಸರಿ. ಎರಡರಲ್ಲಿ ಯಾವುದನ್ನೇ ಹಾಕುವುದಾದರೂ, ನಿಮ್ಮ ಊರಿನ ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ವೆಲ್ಫೇರ್ ರೈಟ್ಸ್ ವಿಭಾಗದವರಿಗೆ ಪತ್ರ ತೋರಿಸಿ ಕೇಳಿ. ಎಲ್ಲ ಕೌನ್ಸಿಲ್‌ನಲ್ಲೂ ಆ ವಿಭಾಗ ಇಲ್ಲ, ಇಲ್ಲದ ಕಡೆ ಸಿಟಿಜನ್ಸ್ ಅಡ್ವೈಸ್ ಇದೆ. ಒಂದು ತಿಂಗಳ ಗಡುವು ಮೀರಿ ಹೋಗಿದ್ದರೂ ಸರಿಯಾದ ಕಾರಣ ಇದ್ದರೆ 13 ತಿಂಗಳ ತನಕ ರೀಕನ್ಸಿಡರೇಶನ್ ಒಪ್ಪಿಕೊಳ್ಳಬಹುದು. ಆಸ್ಪತ್ರೆಯಲ್ಲಿ ಇದ್ದೆ, ಪತ್ರ ಓದಿ ಹೇಳುವವರು ಇರಲಿಲ್ಲ, ಇಂಥ ಕಾರಣ ಇದ್ದರೆ ಅದನ್ನೂ ಬರೆದು ಕಳಿಸಿ.